ಸಿದ್ದಲಿಂಗವ್ವನ ಬಾವಿಯ ನಾಲ್ಕನೇ ಪರೀಕ್ಷೆ

ನೇಸರಗಿಯ ಪೆಟ್ರೋಲ್ ಬಂಕಿನಲ್ಲಿ ನೆಲದೊಳಗಿನ ಟ್ಯಾಂಕು ಸೋರಿ ಎರಡು ವರ್ಷವಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಸೋರಿದ್ದು ಟ್ಯಾಂಕು, ನಿಷೇಧದ ಬೋರ್ಡು ಬಿದ್ದದ್ದು ಸುತ್ತಲಿನ ಆರು ಬಾವಿಗಳಿಗೆ. ಮೂರು ತಿಂಗಳಿಗೊಮ್ಮೆ ಹೋಗಿ ಆ ಬಾವಿಗಳ ನೀರನ್ನು ಬಾಟಲಿಗೆ ತುಂಬಿಕೊಂಡು ಬೆಳಗಾವಿಯ ಲ್ಯಾಬಿಗೆ ತರುವ ಕೆಲಸ ನನ್ನ ಪಾಲಿಗೆ ಬಂತು. ಹೆಸರು ಬಾಳಕೃಷ್ಣ, ವಯಸ್ಸು ಐವತ್ತೆರಡು. ಬಾಟಲಿ ಹಿಡಿದು ಬಾವಿಯಿಂದ ಬಾವಿಗೆ ತಿರುಗುವವನಿಗೆ ಊರಲ್ಲಿ ಎಷ್ಟು ಮರ್ಯಾದೆ ಸಿಗುತ್ತದೆಂದು ಬೇರೆ ಹೇಳಬೇಕಿಲ್ಲ.

ಐದು ಬಾವಿಗಳವರು ನಳದ ನೀರಿಗೆ ಒಗ್ಗಿಕೊಂಡು ಬಾವಿಯನ್ನೇ ಮರೆತಿದ್ದರು. ಎಪ್ಪತ್ತೈದರ ಸಿದ್ದಲಿಂಗವ್ವ ಮರೆತಿರಲಿಲ್ಲ. ನಾನು ಹೋದಾಗಲೆಲ್ಲ ಕಟ್ಟೆಯ ಪಕ್ಕ ಕುಳಿತು ಒಂದೇ ಮಾತು ಕೇಳುತ್ತಿದ್ದಳು: "ಈ ಸಲರೆ ಪಾಸ್ ಆಗತೈತೇನ್ರಿ ಸಾಹೇಬ್ರ?"

ಸಾಲಾಗಿ ನಾಲ್ಕು ಸಲ ನೀರು ಶುದ್ಧವೆಂದು ಬಂದರೆ ಬೋರ್ಡು ತೆಗೆಯುತ್ತಾರೆ. ಮೊದಮೊದಲು ಫೇಲಾಗುತ್ತಿದ್ದ ಅವಳ ಬಾವಿ ಈಗ ಸಾಲಾಗಿ ಮೂರು ಸಲ ಪಾಸಾಗಿತ್ತು. ಮೊದಲು ಓಣಿಯ ಹೆಂಗಸರೆಲ್ಲ ಬೇಳೆ ಬೇಯಿಸಲು ಅಲ್ಲಿಂದಲೇ ನೀರು ಒಯ್ಯುತ್ತಿದ್ದರಂತೆ. "ಈಗ ಈ ಕಡೆ ಯಾರೂ ಹಾಯಂಗಿಲ್ರಿ. ಬರಾವ್ರು ನೀವ ಒಬ್ರು," ಎಂದಿದ್ದಳು.

ಮಾದರಿ ತೆಗೆಯುವ ಮುಂಚೆ ಮೇಲಿನ ನಿಂತ ನೀರನ್ನು ನಲವತ್ತು ಸಲ ಎತ್ತಿ ಚೆಲ್ಲಬೇಕು. ಮನೆಯವರ ಕೊಡ, ಹಗ್ಗ, ಗಡಗಡಿ ಯಾವುದನ್ನೂ ಮುಟ್ಟುವಂತಿಲ್ಲ. ಲ್ಯಾಬಿನ ಪಾತ್ರೆ, ಲ್ಯಾಬಿನ ಹಗ್ಗ, ನನ್ನ ಬೆನ್ನು.

ನಾಲ್ಕನೇ ಪರೀಕ್ಷೆಗೆ ಹೋದಾಗ ಸಿದ್ದಲಿಂಗವ್ವನ ಮೈದುನ ನಿಜಗುಣಪ್ಪ ಬೀಗರನ್ನು ಎದುರುಗೊಳ್ಳುವವನ ಹಾಗೆ ಬಾಗಿಲಲ್ಲೇ ನಿಂತಿದ್ದ. "ಬರ್ರಿ ಸಾಹೇಬ್ರ. ಇವತ್ತು ನೀವೇನೂ ತ್ರಾಸ್ ತಗೋಬ್ಯಾಡ್ರಿ. ಹಳೇ ನೀರು ಮುಂಜಾನೆನ ಎತ್ತಿ ಹೊರಗ ಹಾಕೇನಿ."

"ಹೆಂಗ?"

"ಎಂಜಿನ್ ಹಚ್ಚಿದ್ನಿರಿ."

ಹತ್ತು ವರ್ಷ ದನದ ಕೊಟ್ಟಿಗೆಯಲ್ಲಿ ಮಲಗಿದ್ದ ಡೀಸೆಲ್ ಎಂಜಿನ್ ಬಾವಿಯ ಕಟ್ಟೆಯ ಮೇಲೆ ಕುಳಿತಿತ್ತು. ಅದರ ಅಡಿಯಿಂದ ಡೀಸೆಲ್ ಹನಿಹನಿಯಾಗಿ ಬಾವಿಗೆ ಬೀಳುತ್ತಿತ್ತು. ಬಗ್ಗಿ ನೋಡಿದೆ. ನೀರಿನ ಮೇಲೆ ಬಣ್ಣಬಣ್ಣದ ಎಣ್ಣೆ ತೇಲುತ್ತಿತ್ತು. ಇದಕ್ಕೆ ಲ್ಯಾಬು ಬೇಕಿರಲಿಲ್ಲ, ಮೂಗಿದ್ದರೆ ಸಾಕಿತ್ತು.

ಸಿಟ್ಟು ನೆತ್ತಿಗೇರಿತು. "ತಲಿ ಅದನೋ ಇಲ್ಲೋ ನಿಮಗ? ಪೆಟ್ರೋಲ್ ಹೋಗ್ಲಿ ಅಂತ ಎರಡು ವರ್ಷದಿಂದ ಕಾಯ್ಲಿಕ್ಕೆ ಹತ್ತೇವಿ, ನೀವು ಡೀಸೆಲ್ ಸುರದು ಕೂತೀರಿ!"

ನಿಜಗುಣಪ್ಪನ ಮುಖ ಸಪ್ಪಗಾಯಿತು. "ಹೋದ ಸಲ ನೀವ ಅಂದ್ರೆಲ್ರಿ. ಬೆನ್ನು ಮುರದು ಹೋತು, ಯಾರರೆ ಒಂದು ಎಂಜಿನ್ ಹಚ್ಚಬಾರದೇನು ಅಂತ."

ಅಂದಿದ್ದೆ. ಗೊಣಗುವುದು ನನ್ನ ಹುಟ್ಟುಗುಣ. ಮೂವತ್ತು ವರ್ಷದ ಸಂಸಾರದಲ್ಲಿ ಹೆಂಡತಿ ಒಂದು ದಿನವೂ ಕಿವಿಗೆ ಹಾಕಿಕೊಂಡಿಲ್ಲ. ಇವನು ಮೂರು ತಿಂಗಳು ನೆನಪಿಟ್ಟಿದ್ದ.

ಸಿದ್ದಲಿಂಗವ್ವ ಯಾರನ್ನೂ ಬಯ್ಯಲಿಲ್ಲ. "ಫೇಲ್ ಆತೇನ್ರಿ?" ಎಂದಷ್ಟೇ ಕೇಳಿದಳು. ನನಗೆ ನಾಚಿಕೆಯಾಯಿತು.

ಬಾವಿಯವರ ತಪ್ಪಿನಿಂದ ನೀರು ಕೆಟ್ಟರೆ ಲೆಕ್ಕ ಮತ್ತೆ ಒಂದರಿಂದ ಶುರು. ಅಂದರೆ ಇನ್ನೊಂದು ವರ್ಷ. ಮಾದರಿ ತೆಗೆಯುವವನ ತಪ್ಪಾದರೆ ಬಾವಿಯ ನೀರನ್ನೆಲ್ಲ ಬಳಿದು ಹೊರಹಾಕಿ ಸ್ವಚ್ಛ ಮಾಡಿ, ಒಂದು ತಿಂಗಳ ಮೇಲೆ ನಾಲ್ಕನೆಯದನ್ನೇ ಮತ್ತೆ ತೆಗೆಯಬಹುದು. ಫಾರ್ಮಿನಲ್ಲಿ ಬರೆದೆ: "ಎಂಜಿನ್ ಹಚ್ಚಲು ಹೇಳಿದವನು ನಾನೇ. ತಪ್ಪು ನನ್ನದು." ಮೆಮೋ ಬರುವುದು ಖಾತ್ರಿ. ಬರೆದದ್ದು ಮಾತ್ರ ಸುಳ್ಳಲ್ಲ.

ಎಂಜಿನ್ ಇಳಿಸಿದೆವು. ಕೆಟ್ಟ ನೀರು ತುಂಬಲು ಬಂಕಿನವರು ಖಾಲಿ ಡ್ರಮ್ಮುಗಳನ್ನು ಟ್ರ್ಯಾಕ್ಟರಿನಲ್ಲಿ ಕಳಿಸಿದರು. ಬಾವಿ ಬಳಿಯುವುದಕ್ಕೆ ಮಾದರಿಯ ನಿಯಮಗಳಿಲ್ಲ. ಮನೆಯ ಹಗ್ಗವನ್ನೇ ಗಡಗಡಿಗೆ ಏರಿಸಿ ನಾನೂ ನಿಜಗುಣಪ್ಪನೂ ಜಗ್ಗತೊಡಗಿದೆವು. ಎರಡು ವರ್ಷ ಎಣ್ಣೆ ಕಾಣದ ಗಡಗಡಿ ಓಣಿಗೆಲ್ಲ ಕೇಳುವಂತೆ ಕಿರುಗುಟ್ಟಿತು.

ಹತ್ತನೇ ಕೊಡಕ್ಕೆ ಮೂಲೆಮನೆಯ ಚನ್ನವ್ವ ಬಂದಳು, ಟೊಂಕದ ಮೇಲೆ ಖಾಲಿ ಕೊಡ. ಅವಳ ಹಿಂದೆ ಇನ್ನೂ ಏಳೆಂಟು ಜನ, ಏಳೆಂಟು ಕೊಡ. "ಬಾವಿ ಚಾಲೂ ಆತೇನಬೇ ಯವ್ವಾ?"

"ಇನ್ನೂ ಇಲ್ಲ. ಡೀಸೆಲ್ ಬಿದ್ದೈತಿ," ಎಂದಳು ಸಿದ್ದಲಿಂಗವ್ವ. "ಬಂದೀರಿ, ಜಗ್ಗಾಕರೆ ಕೈ ಹಚ್ಚರಿ."

ಕೊಡಗಳನ್ನು ಗೋಡೆಗೆ ಸಾಲಾಗಿ ಇಟ್ಟು, ಸೆರಗು ಸಿಕ್ಕಿಸಿ ಹಗ್ಗ ಹಿಡಿದರು. ನಿಜಗುಣಪ್ಪನ ಬುದ್ಧಿಯನ್ನೂ ನನ್ನ ಬೆನ್ನನ್ನೂ ಒಂದಿಷ್ಟೂ ಬಿಡದೆ ಆಡಿಕೊಂಡರು. ಯಾರ ಸೊಸೆ ತವರಿಗೆ ಹೋದಳು, ಯಾರ ಎಮ್ಮೆ ಕರು ಹಾಕಿತು, ಎರಡು ವರ್ಷದ ಸುದ್ದಿಯೆಲ್ಲ ಕೊಡದ ಜೊತೆಗೇ ಮೇಲೆ ಬಂತು.

"ಹಿಂಗ ಜಗ್ಗಿದ್ರ ಊಟದ ಹೊತ್ತಿಗೆ ಮುಗೀತದ," ಎಂದೆ ನಾನು, ಹುರುಪಿನಿಂದ.

ಸಿದ್ದಲಿಂಗವ್ವ ನನ್ನನ್ನು ಪಕ್ಕಕ್ಕೆ ಕರೆದಳು. ಅವರಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ ಹೇಳಿದಳು:

"ಸಾವಕಾಶ ಜಗ್ಗಸ್ರಿ ಸಾಹೇಬ್ರ. ಮುಗೀತಂದ್ರ ಎಲ್ಲಾರೂ ಮನಿಗಿ ಹೊಕ್ಕಾರ."