ರಸಮಟ್ಟದ ಗುಳ್ಳೆ

ಯಾರದೋ ಚಪ್ಪಲಿ ನೆಲಕ್ಕೆ ಎಳೆದುಕೊಂಡು ಹೋಯಿತು, ಎಡಗಾಲು ಕೊಂಚ ಕುಂಟು, ಸರಕ್ ಸರ್, ಸರಕ್ ಸರ್, ನನ್ನ ಮುಂದೆಯೇ ಹಾದು ಬಲಕ್ಕೆ ತಿರುಗಿತು, ಬಲಕ್ಕೆ ಅಂದರೆ ಡಾಕ್ಟರ ಕೋಣೆ, ಅಂದರೆ ನನಗಿಂತ ಮುಂಚೆ ಅವನನ್ನು ಕರೆದರು — ಕರೆಯಲಿ, ಸಿಮೆಂಟು ಗಟ್ಟಿಯಾಗುವವರೆಗೆ ಕಾಯುವುದೇ ಅಲ್ಲವೇ ಮೂವತ್ತು ವರ್ಷದಿಂದ ನನ್ನ ಕಸುಬು, ಆದರೆ ಸಿಮೆಂಟಿಗೆ ನೋವಿರುವುದಿಲ್ಲ, ಇದು ಕಣ್ಣಿನ ಹಿಂದೆ ಯಾರೋ ಮೊಳೆ ಹೊಡೆಯುತ್ತಿರುವ ಹಾಗಿದೆ. ಹಣೆಯನ್ನು ಮುಂದಿನ ಕುರ್ಚಿಯ ಬೆನ್ನಿಗೆ ಒತ್ತಿಕೊಂಡು ಕೂತಿದ್ದೇನೆ, ಕಣ್ಣಾಸ್ಪತ್ರೆಯ ನೆಲ ನೋಡುತ್ತ, ನೋಡುತ್ತ ಅನ್ನುವುದು ಬಾಯಿಮಾತಿಗೆ, ನೆಲ ಎಲ್ಲಿದೆ, ಬೆಳಿಗ್ಗೆ ಇತ್ತು, ಮಸುಕಾಗಿಯಾದರೂ ಇತ್ತು, ಈಗ ಫಿನಾಯಿಲ್ ವಾಸನೆಯಿಂದ ಅದು ಅಲ್ಲೇ ಕೆಳಗಿದೆ ಅಂತ ಅಂದಾಜು ಮಾಡಬೇಕು. ಚಪ್ಪಲಿಗಳೆಲ್ಲ ಒಂದೇ ಕಡೆ ಟಕ್ ಅಂತ ಎಡವುತ್ತವೆ, ಅಲ್ಲೊಂದು ಟೈಲ್ಸ್ ಎದ್ದಿದೆ, ಯಾವನೋ ಅಡ್ಡಕಸುಬಿ ಕೂರಿಸಿದ್ದಾನೆ, ರಸಮಟ್ಟ ಇಟ್ಟೇ ನೋಡಿಲ್ಲ ಮುಠ್ಠಾಳ. ನನ್ನ ರಸಮಟ್ಟ ಹಿನಕಲ್ಲಿನ ಮನೆಯಲ್ಲಿ ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿದೆ, ಹಳದಿ ಪಟ್ಟಿ, ನಡುವೆ ಬೆರಳುದ್ದದ ಗಾಜು, ಗಾಜಿನೊಳಗೆ ಹಸಿರು ನೀರು, ನೀರಿನಲ್ಲಿ ಒಂದೇ ಒಂದು ಗಾಳಿಗುಳ್ಳೆ, ಎರಡು ಕಪ್ಪು ಗೀರಿನ ನಡುವೆ ಬಂದು ಗುಳ್ಳೆ ನಿಂತರೆ ಮಟ್ಟ ಸರಿ, ಕೂದಲೆಳೆಯಷ್ಟು ಆಚೀಚೆ ಹೋದರೂ ಕಿತ್ತು ಮತ್ತೆ ಹಾಕು. ಚೆಲುವರಾಜು ಮೇಸ್ತ್ರಿ ಹಾಕಿದ ನೆಲದಲ್ಲಿ ಗೋಲಿ ಇಟ್ಟರೆ ಉರುಳುವುದಿಲ್ಲ ಅಂತ ವಿಜಯನಗರದಲ್ಲಿ ಕೇಳಿ ನೋಡಿ, ಹೇಳುತ್ತಾರೆ. ನೀರು ಕುಡೀತೀರೇನ್ರೀ, ದೇವಿರಮ್ಮ, ನನ್ನ ಹೆಂಡತಿ, ಕೈಯನ್ನು ನನ್ನ ಬೆನ್ನ ಮೇಲೆ ಇಟ್ಟುಕೊಂಡೇ ಕೂತಿದ್ದಾಳೆ, ಎತ್ತಿದರೆ ನಾನೆಲ್ಲಿ ಬಿದ್ದುಹೋಗುತ್ತೇನೋ ಅನ್ನುವ ಹಾಗೆ, ಆ ಕೈಯಿಂದ ಅರಿಶಿನದ ವಾಸನೆ, ಬೆಳಗಿನ ಅರಿಶಿನ, ಸೋಪು ಹಾಕಿ ತೊಳೆದರೂ ಹೋಗಿಲ್ಲವಂತೆ. ಬೇಡ ಕಣೇ, ವಾಂತಿ ಬಂದಂಗಾಯ್ತದೆ. ಪಿತ್ತ ರೀ, ಕಾಲಿ ಒಟ್ಟೇಲಿ ಬೆಟ್ಟ ಅತ್ತಿದ್ದಕ್ಕೆ ಪಿತ್ತ ಆಗದೆ. ಹೌದು ಕಣೇ, ಪಿತ್ತ. ಹಾಗೆಂದುಕೊಂಡೇ ಇರು ನೀನು.

ಎಡಗಣ್ಣು ಹೋಗಿ ಹನ್ನೊಂದು ವರ್ಷವಾಯಿತು, ಅಗ್ರಹಾರದ ಹಳೇ ಮನೆಯೊಂದಕ್ಕೆ ಸುಣ್ಣ ಅರಳಿಸುವಾಗ ಸಿಡಿದು, ತಣ್ಣೀರಿನಲ್ಲಿ ಚೆನ್ನಾಗಿ ತೊಳೆಯುವುದು ಬಿಟ್ಟು ನಂದಿಬಟ್ಟಲು ಹೂ ಒತ್ತಿಕೊಂಡು ಎರಡು ದಿನ ಮಲಗಿದ್ದೆ, ಆ ದಡ್ಡತನ ನನ್ನದೇ, ಇನ್ನೊಬ್ಬರ ತಲೆಗೆ ಕಟ್ಟುವುದಿಲ್ಲ. ಒಂದು ಸಾಕು ಬಿಡು, ರಸಮಟ್ಟ ನೋಡುವುದಕ್ಕೆ ಹೇಗೂ ಒಂದನ್ನು ಮುಚ್ಚಿಕೊಳ್ಳಬೇಕು, ನನಗೆ ಮುಚ್ಚುವ ಕೆಲಸವೂ ಉಳಿಯಿತು ಅಂತ ಕೆಲಸದವರ ಜೊತೆ ನಗುತ್ತಿದ್ದೆ. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ ಅನ್ನುತ್ತಿದ್ದಳು ನಮ್ಮವ್ವ, ನನಗೆ ಒಂದು ಕುರುಡು, ಒಂದು ಚಿನ್ನ. ಆಮೇಲೆ ಶ್ರೀರಾಂಪುರದ ಆ ಮನೆ, ಮೆಟ್ಟಿಲಿಗೆ ಗ್ರಾನೈಟ್ ಕೂರಿಸುತ್ತಿದ್ದೆವು, ಗುಳ್ಳೆ ನೋಡುತ್ತಿದ್ದೇನೆ, ಕೆಳಗಿನಿಂದ ಕಪ್ಪು ನೀರು ಏರಿದ ಹಾಗೆ ಏನೋ ಏರುತ್ತಿದೆ, ಕಣ್ಣುಜ್ಜಿಕೊಂಡೆ, ಧೂಳು ಅಂದುಕೊಂಡೆ, ಮೂರು ದಿನ ಧೂಳು ಅಂದುಕೊಂಡೇ ಕಳೆದೆ, ನಾಲ್ಕನೆಯ ದಿನ ಗಾಜಿನಲ್ಲಿ ಅರ್ಧ ಗುಳ್ಳೆ. ಡಾಕ್ಟರ್ ಹೇಮಶ್ರೀ, ಚಿಕ್ಕ ವಯಸ್ಸಿನ ಹೆಣ್ಣುಮಗಳು, ಸಿಡುಕಿಲ್ಲ, ನೀವು ಮೇಸ್ತ್ರಿ ಅಲ್ವಾ, ಗೋಡೆಯಿಂದ ಪ್ಲಾಸ್ಟರ್ ಬಿಟ್ಕೊಳ್ಳುತ್ತಲ್ಲ, ನಿಮ್ಮ ಕಣ್ಣಿನ ಹಿಂದಿರೋ ಪರದೆ ಹಾಗೇ ಬಿಟ್ಕೊಂಡಿದೆ, ಆಪರೇಷನ್ ಮಾಡಿ ಅಂಟಿಸ್ತೀನಿ, ಒಳಗೆ ಒಂದು ಥರ ಗ್ಯಾಸ್ ತುಂಬ್ತೀನಿ, ಆ ಗುಳ್ಳೆ ಪರದೇನ ಒತ್ತಿ ಹಿಡ್ಕೊಂಡಿರುತ್ತೆ, ಆದ್ರೆ ನೀವು ಹತ್ತು ದಿನ ಬೋರಲಾಗೇ ಇರ್ಬೇಕು, ಮಲಗಿದ್ರೂ ಕೂತ್ರೂ ಮುಖ ನೆಲದ ಕಡೆ. ನನಗೆ ಒಂದೇ ಮಾತಿಗೆ ಅರ್ಥವಾಯಿತು, ಸೆಂಟ್ರಿಂಗ್ ಹೊಡೆದ ಹಾಗೆ ಅಲ್ವಾ ಮೇಡಂ, ಮೋಲ್ಡ್ ಗಟ್ಟಿಯಾಗೋ ಮೊದ್ಲು ಕೆಳಗಿನ ಮರ ತೆಗೀಬಾರ್ದು, ಅವರು ನಕ್ಕರು, ಕರೆಕ್ಟ್ ಅಂದರು. ಸೆಂಟ್ರಿಂಗ್ ಬೇಗ ಬಿಚ್ಚಿ ಅಂದ ಎಷ್ಟು ಮನೆ ಯಜಮಾನರ ಮೇಲೆ ರೇಗಿದವನು ನಾನು.

ಕಣ್ಣಿನ ಪಟ್ಟಿ ಬಿಚ್ಚಿದ ದಿನ ಗುಳ್ಳೆ ಕಾಣಿಸಿತು, ಮುಖ ಕೆಳಗೆ ಮಾಡಿದರೆ ಕಪ್ಪು ಅಂಚಿನ ಒಂದು ದುಂಡು, ತಲೆ ಆಡಿಸಿದರೆ ಅದೂ ತುಳುಕುತ್ತದೆ, ತಲೆ ಸರಿಯಾಗಿ ಬಗ್ಗಿದ್ದರೆ ಬಂದು ನಟ್ಟನಡುವೆ ನಿಲ್ಲುತ್ತದೆ. ದೇವರಾಣೆ ನಗು ಬಂತು. ಜೀವನಪೂರ್ತಿ ಗುಳ್ಳೆ ನೋಡಿದವನ ಕಣ್ಣೊಳಗೇ ಗುಳ್ಳೆ ಇಟ್ಟರಲ್ಲ, ತಲೆ ನೆಟ್ಟಗಿದೆಯೋ ಇಲ್ಲವೋ ನನಗೆ ಯಾರೂ ಹೇಳಬೇಕಾಗಿಲ್ಲ, ನಾನೇ ಮೇಸ್ತ್ರಿ, ನಾನೇ ಗೋಡೆ. ನಾಲ್ಕು ದಿನ ಮಂಚದ ತುದಿಗೆ ಗಲ್ಲ ಊರಿ ಬೋರಲು ಮಲಗಿದೆ, ಎದೆ ಕಟ್ಟಿಹೋಯಿತು, ದೇವಿ ಸ್ಟ್ರಾ ಹಾಕಿ ಕಾಫಿ ಕುಡಿಸಿದಳು, ಮುದ್ದೆಯನ್ನು ಉಂಡೆ ಕಟ್ಟಿ ಬಾಯಿಗೆ ಹಾಕಿದಳು, ಅಂಗೈಯನ್ನು ಮೂಗಿಗೆ ತಗಲುವಷ್ಟು ಹತ್ತಿರ ತಂದರೆ ಗೆರೆಗಳೆಲ್ಲ ಕಾಣುತ್ತಿದ್ದವು, ಸಿಮೆಂಟು ತಿಂದ ಗೆರೆಗಳು, ಕಾಣುತ್ತವೆ ಕಣೇ ಅಂತ ಕೂಗಿದೆ, ಅವಳು ಅತ್ತಳು. ಅತ್ತು ಸುಮ್ಮನಾಗಿದ್ದರೆ ಆಗುತ್ತಿತ್ತು. ಹರಕೆ ಹೊತ್ತಿದ್ದಳು, ಆಪರೇಷನ್ ಆದ ಮೊದಲ ಶುಕ್ರವಾರ ಇಬ್ಬರೂ ಬಂದು ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲಿಗೂ ಅರಿಶಿನ ಕುಂಕುಮ ಇಡುತ್ತೇವೆ ತಾಯಿ ಅಂತ, ನಾನು ಒಳಗೆ ಟೇಬಲ್ಲಿನ ಮೇಲಿದ್ದಾಗ. ಹತ್ತು ದಿನ ಕಳೀಲಿ ಅಂದೆ. ಮೊದಲ್ನೇ ಸುಕ್ರಾರ ಅಂತ ಬಾಯ್ಬಿಟ್ಟು ಯೋಳ್ಬುಟ್ಟಿವ್ನಿ ರೀ, ಮಾತು ತಪ್ಪಾದಾ, ತಲೆ ಬಗ್ಗಿಸ್ಕಂಡಿರಿ ಅಂತ ತಾನೆ ಡಾಕ್ಟ್ರಮ್ಮ ಯೋಳಿರೋದು, ಮೆಟ್ಲಿಗೆ ಕುಂಕ್ಮ ಇಕ್ಕಂಡು ಅತ್ತೋರು ತಲೆ ಎಲ್ಲೆತ್ತಾರೆ, ಸಾವ್ರ ಮೆಟ್ಲೂ ಬಗ್ಗೇ ಇರ್ತೀರಾ, ಇಲ್ಲಿ ಬೋರ್ಲು ಬಿದ್ದಿರೋದೂ ಒಂದೇ ಅಲ್ಲಿ ಬಗ್ಗಿರೋದೂ ಒಂದೇ. ಲೆಕ್ಕ ಸರಿಯಾಗಿಯೇ ಇತ್ತು. ನನಗೂ ಸರಿ ಅನ್ನಿಸಿತು. ಅದೇ ನನ್ನನ್ನು ಕೊಲ್ಲುತ್ತಿರುವುದು, ನನಗೂ ಸರಿ ಅನ್ನಿಸಿತು. ಮನೆಗೆ ಕಳಿಸುವಾಗ ಪ್ರೀತಿ ಅಂತ ಆ ಕೌನ್ಸೆಲಿಂಗ್ ಹುಡುಗಿ ಪಟಪಟ ಹೇಳಿದ್ದಳು, ತಲೆಗೆ ಸ್ನಾನ ಬೇಡ, ಭಾರ ಎತ್ಬೇಡಿ, ಫ್ಲೈಟ್ ಹತ್ಬೇಡಿ, ಊಟಿ ಗೀಟಿ ಅಂತ ಹೋಗ್ಬೇಡಿ, ಫ್ಲೈಟಂತೆ ಕಣ್ರೀ ಅಂತ ದೇವಿ ಆಟೋದಲ್ಲಿ ಬಿದ್ದು ಬಿದ್ದು ನಕ್ಕಿದ್ದಳು, ಊಟಿ ಯಾಕೆ ಬೇಡ ಅಂದರೆ ಚಳಿಗೆ ಇರಬೇಕು ಅಂತ ಇಬ್ಬರೂ ಅಂದುಕೊಂಡೆವು, ಕಣ್ಣಿಗೆ ಶೀತವಾಗುತ್ತದೆ, ಅದಕ್ಕೇ ಇವತ್ತು ಬೆಳಿಗ್ಗೆ ಬೆಟ್ಟದ ಬುಡದಲ್ಲಿ ನನ್ನ ತಲೆಗೆ ಮಫ್ಲರ್ ಸುತ್ತಿ, ಕಿವಿ ಮುಚ್ಚಿ, ಗಂಟು ಬಿಗಿದಳು, ಗಾಳಿ ಒಂದಿಷ್ಟೂ ಓಗ್ಬಾರ್ದು ಅಂತ. ಆ ಮಫ್ಲರ್ ಈಗಲೂ ಕುತ್ತಿಗೆಯಲ್ಲಿದೆ, ಬೆವರು ಕುಡಿದು ಒದ್ದೆಯಾಗಿದೆ.

ಅವಳು ಅರಿಶಿನ, ನಾನು ಕುಂಕುಮ, ಕಲ್ಲು ತಣ್ಣಗೆ, ಬೆರಳಿಗೆ ತಾಗಿದರೆ ಸವೆದ ನಡು ಗೊತ್ತಾಗುತ್ತದೆ, ಯಾವ ಮೇಸ್ತ್ರಿ ಇಟ್ಟನೋ ಒಂದೊಂದು ಮೆಟ್ಟಿಲೂ ಒಂದೊಂದು ಎತ್ತರ, ಆದರೂ ಇಷ್ಟು ವರ್ಷ ನಿಂತಿದೆಯಲ್ಲ, ಗುಳ್ಳೆ ನಡುವೆ, ಗುಳ್ಳೆಯ ಆಚೆ ಕೆಂಪು ಮಸುಕು, ಹಿಂದೆ ಬರುವ ಹೆಣ್ಣುಮಕ್ಕಳು ಪಾಪ ಕಣ್ಣಾಪರೇಷನ್ ಅಂತೆ ಅಂತ ದಾರಿ ಬಿಡುತ್ತಿದ್ದರು. ನೂರು, ಇನ್ನೂರು, ಉಸಿರು ತೆಗೆದುಕೊಳ್ಳುವುದಕ್ಕೆ ಕೂತಾಗಲೂ ತಲೆ ಎತ್ತಲಿಲ್ಲ, ಎತ್ತಲಿಲ್ಲ ಡಾಕ್ಟ್ರೇ, ನಿಮ್ಮ ಮಾತು ಒಂದು ಕ್ಷಣ ಮೀರಲಿಲ್ಲ. ದೊಡ್ಡ ನಂದಿ ಹತ್ತಿರ ಬಂದಾಗ ಗುಳ್ಳೆಯ ಅಂಚು ಅಗಲವಾದ ಹಾಗೆ ಅನ್ನಿಸಿತು, ಹುಬ್ಬಿನ ಒಳಗೆ ಸಣ್ಣಗೆ ಸೆಳೆತ, ದೇವಿ ಏನೋ ಹಾಡಿಕೊಳ್ಳುತ್ತಿದ್ದಳು, ಆಪರೇಷನ್ ಗೊತ್ತಾದಾಗಿಂದ ಅವಳ ಬಾಯಲ್ಲಿ ಹಾಡು ಕೇಳಿರಲಿಲ್ಲ, ಹೇಳಲಿಲ್ಲ ನಾನು, ಇನ್ನು ಮುನ್ನೂರು ಮೆಟ್ಟಿಲು ಅಷ್ಟೇ ಅಂತ ಸುಮ್ಮನಾದೆ. ಮೇಲೆ ಹೋದ ಮೇಲೆ ಎರಡು ಗಂಟೆ ಸಾಲು, ಗುಳ್ಳೆ ಊದಿ ಊದಿ ಅಂಚೇ ಇಲ್ಲದ ಹಾಗಾಯಿತು, ಬೂದಿ ಬಣ್ಣ, ಆಮೇಲೆ ಕೆಸರಿನ ಬಣ್ಣ, ಗಂಟೆ, ಕರ್ಪೂರ, ನಡೀರಿ ನಡೀರಿ ಮುಂದಕ್ಕೆ ನಡೀರಿ, ತಾಯಿ ಮುಂದೇ ನಿಂತಿದ್ದೀವಿ ಕಣ್ರೀ ನೋಡ್ಕಳಿ ಅಂತ ದೇವಿ ತಿವಿದಳು, ನಾನು ಡಾಕ್ಟರ ಮಾತಿಗೆ ಕಟ್ಟುಬಿದ್ದು ತಲೆ ಎತ್ತಲಿಲ್ಲ. ಸಾವಿರ ಮೆಟ್ಟಿಲು ಹತ್ತಿಹೋಗಿ ಅಮ್ಮನ ಮುಖ ನೋಡದೆ ಬಂದೆ. ಆಚೆ ಬಂದು ಕಂಬ ಹಿಡಿದು ವಾಂತಿ ಮಾಡಿದೆ, ನಿಂಬೆಹಣ್ಣು ಮೂಸಿ ಅಂದಳು, ಬಸ್ಸಿನಲ್ಲಿ ಇಳಿಯುವಾಗ ಅಂಗೈ ಮೂಗಿನ ಹತ್ತಿರ ತಂದೆ, ತಂದೇ ತಂದೆ, ಮೂಗಿಗೆ ಒತ್ತಿದೆ, ಗೆರೆ ಇಲ್ಲ, ಕೈ ಇಲ್ಲ.

ಕುರ್ಚಿಯ ಹತ್ತಿರ ಪ್ರೀತಿ ಬಂದಳು, ರಬ್ಬರ್ ಚಪ್ಪಲಿ, ಮೆತ್ತಗಿನ ಹೆಜ್ಜೆ, ಆಗ ದೇವಿ ಬಾಟಲಿಗೆ ನೀರು ತುಂಬಿಸಲು ಹೋಗಿದ್ದಳು, ಹುಡುಗಿ ನನ್ನ ಕೈ ಹಿಡಿದು ನೋಡಿ, ಅಂಕಲ್ ಉಗುರೆಲ್ಲ ಕುಂಕುಮ, ಬೆಟ್ಟಕ್ಕೆ ಹೋಗಿದ್ರಾ, ಅಯ್ಯೋ, ಎತ್ತರಕ್ಕೆ ಹೋದ್ರೆ ಒಳಗಿರೋ ಗ್ಯಾಸ್ ಹಿಗ್ಗುತ್ತೆ ಅಂಕಲ್, ಕಣ್ಣಲ್ಲಿ ಪ್ರೆಶರ್ ಏರಿ ನರಕ್ಕೆ ರಕ್ತಾನೇ ಹೋಗಲ್ಲ, ಊಟಿಗೆ ಹೋಗ್ಬೇಡಿ ಅಂದಿದ್ನಲ್ಲ. ನೀನು ಬೆಟ್ಟ ಅನ್ನಲಿಲ್ಲವಲ್ಲ ಮಗಳೇ ಅಂತ ಬಾಯಿಗೆ ಬಂತು, ನುಂಗಿದೆ, ಅವಳ ಚಪ್ಪಲಿ ಆಗಲೇ ಡಾಕ್ಟರ ಕೋಣೆ ಕಡೆ ತಿರುಗಿತ್ತು. ಒಂದೇ ಒಂದು ಕೇಳ್ತೀನಿ ಕಣವ್ವಾ, ಡಾಕ್ಟ್ರಿಗೆ ಯೋಳು, ನಮ್ಮೆಂಗ್ಸಿಗೆ ಯೋಳ್ಬೇಡ. ಸರಿ ಅಂಕಲ್ ಅಂದಳು. ಕಣ್ಣು ಹೋದರೆ ನನ್ನೊಬ್ಬನಿಗೆ ಹೋಗುತ್ತದೆ, ಇದು ಗೊತ್ತಾದರೆ ದೇವಿಗೆ ಬದುಕೇ ಹೋಗುತ್ತದೆ, ಪ್ರತಿ ಶುಕ್ರವಾರ ಬೆಟ್ಟದ ಕಡೆ ತಿರುಗಿ ಕೈ ಮುಗಿಯುವವಳು ಆಮೇಲೆ ಯಾವ ಕಡೆ ತಿರುಗುತ್ತಾಳೆ, ನನ್ನ ಬಾಯಿಗೆ ಅನ್ನ ಇಡುವಾಗಲೆಲ್ಲ ಅರಿಶಿನ ಇಟ್ಟ ತನ್ನ ಬೆರಳು ನೋಡಿಕೊಳ್ಳುತ್ತಾಳೆ, ಬೇಡ. ಚೆಲುವರಾಜು ಅಂತ ಕರೆದರು. ಎದ್ದೆ, ಎದ್ದ ಟೈಲ್ಸ್ ಎಡವಿದೆ, ದೇವಿ ಹಿಡಿದುಕೊಂಡಳು, ಕೋಣೆ ತಣ್ಣಗೆ, ಗಲ್ಲ ಇಡಿ ಇಲ್ಲಿ, ಏನೋ ಒತ್ತಿದರು, ಡಾಕ್ಟರ್ ಬೈಯಲಿಲ್ಲ. ಬೈಯಬೇಕಿತ್ತು. ಕೆಲಸ ಕೆಟ್ಟರೂ ಸರಿ ಮಾಡಬಹುದು ಅನ್ನುವಾಗಲೇ ನಾನು ಕೆಲಸದವರಿಗೆ ಬೈಯುವುದು, ಒಡೆಯಲೇಬೇಕು ಅಂತ ಗೊತ್ತಾದರೆ ಸುಮ್ಮನೆ ನಿಂತುಬಿಡುತ್ತೇನೆ. ಸಣ್ಣ ಸೂಜಿ ಹಾಕಿ ಸ್ವಲ್ಪ ಗ್ಯಾಸ್ ತೆಗೀತೀನಿ ಅಲ್ಲಾಡ್ಬೇಡಿ, ಅಲ್ಲಾಡಲಿಲ್ಲ, ಮೊಳೆ ಕಿತ್ತ ಹಾಗೆ ನೋವು ಇಳಿಯಿತು, ಅಯ್ಯಪ್ಪಾ ಅಂತ ಉಸಿರು ಬಂತು, ನೋವಿನ ಜೊತೆ ಕತ್ತಲೂ ಇಳಿಯುತ್ತದೆ ಅಂತ ಕಾದೆ, ನೋವು ಮಾತ್ರ ಇಳಿಯಿತು. ಯಾಕವ್ವಾ ಇಂಗಾಯ್ತು, ದೇವಿ ಕೇಳಿಯೇಬಿಟ್ಟಳು, ನೆನ್ನೆಗಂಟ ಅಂಗೈ ಗೆರೆ ಕಾಣ್ತಿತ್ತಲ್ಲವ್ವಾ. ಡಾಕ್ಟರ್ ಉಸಿರು ಎಳೆದುಕೊಂಡದ್ದು ಕೇಳಿಸಿತು, ಅವರು ಬಾಯಿ ತೆರೆಯುವ ಮೊದಲೇ ನಾನು, ನಾನೇ ಕಣೇ, ನೀನು ನಿದ್ದೆ ಮಾಡ್ತಿದ್ದೆ, ಎದೆ ನೋವು ತಡೀನಾರ್ದೆ ಅಂಗಾತ ಮಲಿಕ್ಕಂಬುಟ್ಟಿದ್ದೆ, ಒಂದೆರಡು ಗಂಟೆ ಆಗಿತ್ತೇನೋ. ಪ್ರೀತಿಯ ರಬ್ಬರ್ ಚಪ್ಪಲಿ ಬಾಗಿಲ ಕಡೆ ಹೋಯಿತು. ಅಯ್ಯೋ ನಿಮ್ಮ ಬುದ್ಧಿಗಷ್ಟು ಅಂತ ದೇವಿ ಬೆನ್ನಿಗೆ ಒಂದು ಗುದ್ದಿದಳು, ಮೆಲ್ಲಗೆ, ಆಮೇಲೆ ಅದೇ ಕೈಯಲ್ಲಿ ಸವರಿದಳು, ಸದ್ಯ ಇವತ್ತು ಬೆಟ್ಟ ಅತ್ತಿದ್ದೇ ಒಳ್ಳೇದಾಯ್ತು ಬುಡಿ, ತಾಯಿ ಕೈಬುಡಕಿಲ್ಲ, ಅವ್ವಾ ಚಾಮುಂಡವ್ವಾ, ಇವ್ರ ಕಣ್ಣೊಂದು ಬರ್ಲಿ, ಬರೋ ಸುಕ್ರಾರ ಮತ್ತೆ ಇಬ್ರೂ ಬಂದು ಸಾವ್ರ ಮೆಟ್ಲಿಗೂ ಕುಂಕ್ಮ ಇಡ್ತೀವಿ.

ಮೇಸ್ತ್ರೇ, ಡಾಕ್ಟರ ದನಿ ಹತ್ತಿರ ಬಂತು, ಟಾರ್ಚ್ ಹಾಕ್ತೀನಿ, ಬೆಳಕು ಯಾವ ಕಡೆಯಿಂದ ಬರ್ತಿದೆ ಹೇಳಿ, ಆತುರ ಇಲ್ಲ. ಸ್ವಿಚ್ಚಿನ ಟಿಕ್ ಕೇಳಿಸಿತು, ಬಲಗಡೆ ಕೇಳಿಸಿದ ಹಾಗಿತ್ತು, ಬಲಗಡೆ ಅಂದೆ. ಮತ್ತೆ ಟಿಕ್. ಎಡಗಡೆ ಇರಬೇಕು, ಕೋಟಿನ ತೋಳು ಎಡಗಡೆ ಸರಿಯಿತು, ಎಡಗಡೆ ಅಂದೆ. ಈಗ ಟಿಕ್ ಇಲ್ಲ, ತೋಳಿಲ್ಲ, ಉಸಿರಿಲ್ಲ, ಈಗ ಹೇಳಿ, ಈಗ, ದೇವಿಯ ಬೆರಳು ನನ್ನ ತೋಳನ್ನು ಬಿಗಿಯಾಗಿ ಹಿಡಿದಿದೆ, ಕಾಣ್ತದಾ ರೀ, ಯೋಳಿ, ಕಾಣ್ತದಾ, ಕಾಣುತ್ತದೆ ಕಣೇ, ಅಗೋ, ನಮ್ಮನೆ ಬಾಗಿಲ ಹಿಂದೆ, ಹಳದಿ ಪಟ್ಟಿ, ಹಸಿರು ನೀರು, ಎರಡು ಕಪ್ಪು ಗೀರು, ನಡುವೆ ಗುಳ್ಳೆ, ತಲೆ ಅಲ್ಲಾಡಿಸಿದೆ, ಅದು ಅಲ್ಲಾಡಲಿಲ್ಲ, ಗುಳ್ಳೆ, ನಟ್ಟನಡುವೆ, ಗುಳ್ಳೆ