ಹದಿನಾಲ್ಕನೇ ಮನೆಯ ಸಾಕ್ಷಿ

"ತಿರುಪು ಹಾಕ್ಬೇಡಿ," ಎಂದು ಡಾರ್ಕಸ್ ಶವಪೆಟ್ಟಿಗೆಯ ಮುಚ್ಚಳವನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಕುದುರೆ ಆಗಲೇ ಅರ್ಧ ಗಂಟೆಯಿಂದ ಬಾಗಿಲಲ್ಲಿ ನಿಂತಿದೆ, ತಾಯಿ. ಪಾದ್ರಿಗಳು ಹನ್ನೊಂದಕ್ಕೆಲ್ಲ ಗುಂಡಿ ಹತ್ರ ಬಂದಿರ್ತಾರೆ," ಎಂದ ಪೆಟ್ಟಿಗೆಯವನು.

"ನಮ್ಮಪ್ಪ ಹನ್ನೊಂದು ವರ್ಷ ಕಾದಿದ್ದಾರೆ. ಪಾದ್ರಿಗಳು ಹತ್ತು ನಿಮಿಷ ಕಾಯ್ಲಿ ಬಿಡಿ."

ಹಡಗುಕಟ್ಟೆಯ ಬದಿಯ ವಾಪಿಂಗಿನ ಆ ಓಣಿಯಲ್ಲಿ ಹೆಣದ ಹಣೆ ಮುಟ್ಟಿ ಹೋಗುವುದು ಪದ್ಧತಿ. ಮುಟ್ಟದವರ ಕನಸಿಗೆ ಸತ್ತವರು ಬರುತ್ತಾರಂತೆ. ಡಾರ್ಕಸಳ ಅಪ್ಪ ಈನಕ್ ಹಾಬ್‌ಡೇ ಬದುಕಿದ್ದಾಗ ಅವನ ನೆರಳು ಕಂಡರೆ ಮಕ್ಕಳನ್ನು ಒಳಗೆ ಎಳೆದುಕೊಳ್ಳುತ್ತಿದ್ದ ಜನ ಇವತ್ತು ಸಾಲುಗಟ್ಟಿ ಬಂದು ಅವನ ಹಣೆ ಮುಟ್ಟಿದರು. ಪ್ರೀತಿ ಉಕ್ಕಿ ಅಲ್ಲ, ತಮ್ಮ ನಿದ್ದೆ ಕೆಟ್ಟೀತೆಂದು.

"ಏನೇ ಅನ್ನಿ, ಅವನು ಕೊಂದಿರಲಿಕ್ಕಿಲ್ಲ," ಎಂದ ಹಡಗುಕಟ್ಟೆಯ ಕೂಲಿ ಆಲ್ಫ್ ಸ್ಪರ್ಜಿನ್, ಟೋಪಿಯನ್ನು ಎದೆಗೆ ಒತ್ತಿಕೊಂಡು.

"ನಾನೂ ಅದನ್ನೇ ಅನ್ನೋದು," ಎಂದಳು ಪಕ್ಕದ ಮನೆಯ ಲಿಲ್ ಮಡ್ಜ್. "ಆದ್ರೂ ಪೊಲೀಸಿನೋರು ಸುಮ್‌ಸುಮ್ನೆ ಎಳ್ಕೊಂಡು ಹೋಗ್ತಾರಾ? ಬೆಂಕಿ ಇಲ್ದೆ ಹೊಗೆ ಆಡುತ್ತಾ?"

"ಅವನು ಒಳಗಿದ್ದಾಗ್ಲೇ ನಾಲ್ಕನೇ ಕೊಲೆ ಆಯ್ತಲ್ಲೇ, ಪುಣ್ಯಾತ್ಗಿತ್ತಿ!"

"ಯಾರಿಗಾದ್ರೂ ಕಲಿಸಿಕೊಟ್ಟಿರ್ತಾನೆ."

ಮಗಳು ಎರಡು ಮಾರು ದೂರದಲ್ಲಿದ್ದಳು. ಲಿಲ್ ದನಿ ತಗ್ಗಿಸುವ ಗೋಜಿಗೂ ಹೋಗಲಿಲ್ಲ.

ಎಲ್ಲರೂ ಮುಟ್ಟಿದರು. ಹದಿನಾಲ್ಕನೇ ಮನೆಯ ಕೆಜಾಯಾ ಥ್ರಪ್ ಮಾತ್ರ ಸಾವಿನ ಮನೆಯ ಊಟಕ್ಕೆಂದು ತಂದ ಹಂದಿಮಾಂಸದ ತಟ್ಟೆ ಹಿಡಿದುಕೊಂಡು ಗೋಡೆಗೆ ಆತು ನಿಂತಿದ್ದಳು. ಡಾರ್ಕಸ್ ತಿರುಪು ತಡೆದಿದ್ದು ಅವಳಿಗಾಗಿ.

"ಮಿಸೆಸ್ ಥ್ರಪ್, ನೀವು ಸ್ವಲ್ಪ ಅಡುಗೆಮನೆಗೆ ಬನ್ನಿ."

*

ಈನಕ್‌ನ ಕಸುಬು ಜನರನ್ನು ಎಬ್ಬಿಸುವುದು. ಉದ್ದನೆಯ ಬಿದಿರುಕೋಲಿನ ತುದಿಗೆ ತಂತಿ ಕಟ್ಟಿಕೊಂಡು, ಇನ್ನೂ ಕತ್ತಲಿರುವಾಗಲೇ ಮಹಡಿಯ ಕಿಟಕಿಗಳನ್ನು ತಟ್ಟುತ್ತ ಹೋಗುತ್ತಿದ್ದ. ಯಾರನ್ನು ಎಷ್ಟು ಹೊತ್ತಿಗೆ ಎಬ್ಬಿಸಬೇಕೆಂದು ಬಾಗಿಲ ಪಕ್ಕದ ಸ್ಲೇಟಿನಲ್ಲಿ ಬರೆದಿರುತ್ತಿತ್ತು. ಒಳಗಿನವರು ಎದ್ದು ಬಂದು ಗಾಜನ್ನು ತಿರುಗಿ ತಟ್ಟುವ ತನಕ ಅವನು ಕದಲುವಂತಿಲ್ಲ. ಅದು ಕಸುಬಿನ ನೇಮ.

ಆ ಓಣಿಯಲ್ಲಿ ಒಂದು ಸುಳ್ಳು ಎಲ್ಲರಿಗೂ ಸೇರಿದ್ದಾಗಿತ್ತು. ಕುಡಿದು ಮಲಗಿ ತಡವಾದರೂ ಸರಿ, ಹೆಂಡತಿಯೊಡನೆ ಜಗಳವಾಡಿ ತಡವಾದರೂ ಸರಿ, ಹಡಗುಕಟ್ಟೆಯ ಮೇಸ್ತ್ರಿಗೆ ಹೇಳುವುದು ಒಂದೇ ಮಾತು: "ಎಬ್ಬಿಸೋನು ಬರ್ಲಿಲ್ಲ." ಈನಕ್‌ಗೂ ಇದು ಗೊತ್ತಿತ್ತು. "ನನ್ನ ಹೆಸರು ಹೇಳಿ ಬಚಾವಾಗ್ರಪ್ಪ, ನನ್ನ ಗಂಟೇನು ಹೋಗುತ್ತೆ?" ಎಂದು ನಗುತ್ತಿದ್ದ. ಹೋಗುವುದು ಏನೆಂದು ಆಗ ಅವನಿಗೆ ತಿಳಿಯದು.

ಆ ವರ್ಷ ಯಾರೋ ಒಬ್ಬ ಹೆಂಗಸರ ಕತ್ತು ಕೊಯ್ಯುತ್ತಿದ್ದ. ಮೂರನೆಯವಳ ಹೆಣ ಸಿಕ್ಕಿದ್ದು ಒಂದು ಮೈಲಿ ಆಚೆಯ ಮರದ ಅಡ್ಡೆಯಲ್ಲಿ. ನಾಲ್ಕಕ್ಕೂ ನಾಲ್ಕೂವರೆಗೂ ನಡುವೆ ಕೊಂದದ್ದೆಂದು ವೈದ್ಯರು ಹೇಳಿದರು. ಆ ಹೊತ್ತಿನಲ್ಲಿ ಬೀದಿಯಲ್ಲಿ ಓಡಾಡುವ ಗಂಡಸು ಯಾರು? ಇಡೀ ಊರು ಒಂದೇ ಹೆಸರು ಹೇಳಿತು.

"ನಾಲ್ಕೂಕಾಲಿಗೆ ನಾನು ಹದಿನಾಲ್ಕನೇ ಮನೆ ಮುಂದಿದ್ದೆ. ಒಳಗಿಂದ ತಿರುಗಿ ತಟ್ಟಿದ್ರು," ಎಂದ ಈನಕ್.

ಪೊಲೀಸರು ಮನೆಮನೆಗೆ ಹೋದರು. "ಯಾರೋ ತಟ್ಟಿದ್ರು, ನಾವೂ ತಟ್ಟಿದ್ವಿ. ಎಷ್ಟು ಹೊತ್ತಿಗೆ ಅಂದ್ರೆ? ಮನೇಲಿ ಗಡಿಯಾರ ಇದ್ದಿದ್ರೆ ಅವನನ್ನ ಯಾಕೆ ಕರೀತಿದ್ವಿ, ಸ್ವಾಮಿ?" ಎಂದರು ಎಲ್ಲರೂ. ಗಡಿಯಾರವಿದ್ದದ್ದು ಹದಿನಾಲ್ಕನೇ ಮನೆಯಲ್ಲಿ ಮಾತ್ರ, ಕೆಜಾಯಾಳ ತವರಿನದು; ಅದು ಹೊತ್ತು ತೋರಿಸೀತೇ ಹೊರತು ಮಲಗಿದವರನ್ನು ಎಬ್ಬಿಸದು. ಗಡಿಯಾರವಿದ್ದ ಮನೆಯ ಮಾತೇ ಸಾಕ್ಷಿಯಾಯಿತು.

"ಬರ್ಲಿಲ್ಲ," ಎಂದಳು ಕೆಜಾಯಾ.

ಹದಿನೇಳು ದಿನ ಈನಕ್‌ನನ್ನು ಕೂಡಿ ಹಾಕಿದರು. ಆ ದಿನಗಳಲ್ಲಿ ಎಬ್ಬಿಸುವವರಿಲ್ಲದೆ ಓಣಿಯ ಅರ್ಧ ಗಂಡಸರು ಕೆಲಸ ತಪ್ಪಿಸಿಕೊಂಡು, ಅದಕ್ಕೂ ಅವನನ್ನೇ ಶಪಿಸಿದರು. ನಾಲ್ಕನೆಯ ಹೆಣ ಬಿದ್ದ ಮೇಲೆ ಪೊಲೀಸರು ಒಂದು ಮಾತೂ ಆಡದೆ ಬಿಟ್ಟುಬಿಟ್ಟರು. ಮನೆಗೆ ಬಂದರೆ ಕಿಟಕಿಗಳೆಲ್ಲ ಪುಡಿಪುಡಿ. ಓಣಿಯ ಒಂದು ಸ್ಲೇಟಿನಲ್ಲೂ ಅವನಿಗೆ ಹೊತ್ತು ಬರೆದಿರಲಿಲ್ಲ. ಅಂದಿನಿಂದ ಸಾಯುವ ತನಕ, ಚರ್ಮ ಹದ ಮಾಡುವವರಿಗೆ ಬೇಕಾಗುವ ನಾಯಿಯ ಹೇಲನ್ನು ಬೀದಿ ಬೀದಿಯಲ್ಲಿ ಆಯ್ದು ಬಕೆಟ್ಟಿಗೆ ತುಂಬಿಸುತ್ತ ಬದುಕಿದ. ಜನರನ್ನು ಎಬ್ಬಿಸಿ ಅನ್ನ ಕೊಟ್ಟವನ ಬಾಳು ಹೀಗಾಯಿತು.

*

ಅಡುಗೆಮನೆಯಲ್ಲಿ ಕೆಜಾಯಾ ತಟ್ಟೆಯನ್ನು ಕೆಳಗಿಡಲೇ ಇಲ್ಲ.

"ನೀವ್ಯಾಕೆ ಮುಟ್ಲಿಲ್ಲ?"

"ಮುಟ್ಟಿದ್ರೂ ಕನಸಿಗೆ ಬರ್ತಾನೆ, ಮಗಳೇ. ಹನ್ನೊಂದು ವರ್ಷದಿಂದ ಬರ್ತಾನೇ ಇದಾನೆ." ಅವಳು ತಟ್ಟೆಯನ್ನು ಇನ್ನೊಂದು ಕೈಗೆ ಬದಲಿಸಿದಳು. "ತಿರುಗಿ ತಟ್ಟಿದ್ದು ನಾನು. ನಮ್ಮೋನು ಬಾರ್ನಬಿ ಮನೇಲಿರ್ಲಿಲ್ಲ. ಲೈಮ್‌ಹೌಸ್ ಕೇರಿಯಲ್ಲಿ ಆ ಹಗ್ಗದಂಗಡಿಯವಳ ಜೊತೆಗಿದ್ದ. ಅವನ ಹಾಸಿಗೆ ಖಾಲಿ ಅಂತ ನಿಮ್ಮಪ್ಪಂಗೂ ಗೊತ್ತಾಗ್ಬಾರ್ದು ಅಂತ ಎದ್ದು ಉಂಗುರದಲ್ಲಿ ಗಾಜು ಕುಟ್ಟಿದೆ."

"ಗೊತ್ತು. ಗಂಡಸಿನ ಕೈಯಲ್ಲ ಅದು ಅಂತ ಅಪ್ಪ ಹೇಳ್ತಿದ್ರು."

"ನಮ್ಮೋನು ಕೆಲಸಕ್ಕೆ ತಡವಾಗಿ ಹೋಗಿ, ಎಲ್ರೂ ಹೇಳೋ ಸುಳ್ಳನ್ನೇ ಮೇಸ್ತ್ರಿಗೆ ಹೇಳಿಬಿಟ್ಟಿದ್ದ. ಮಧ್ಯಾಹ್ನಕ್ಕೆ ಕೊಲೆ ಸುದ್ದಿ ಬಂತು, ಸಂಜೆಗೆ ಪೊಲೀಸು ಬಾಗಿಲಲ್ಲಿ. ನಾನು ಬೇರೆ ಹೇಳಿದ್ರೆ, ಗಂಡ ಎಲ್ಲಿದ್ದ ಅಂತ ಕೇಳ್ತಿರ್ಲಿಲ್ವಾ? ಈ ಓಣಿ ನನ್ನ ಹುರಿದು ಮುಕ್ಕಿಬಿಡ್ತಿತ್ತು, ಡಾರ್ಕಸ್."

"ನಮ್ಮಪ್ಪನ್ನ ಮುಕ್ಕಿಬಿಡ್ತು."

ಕೆಜಾಯಾ ಅತ್ತಳು. ಡಾರ್ಕಸ್‌ಗೆ ಕರುಣೆ ಬರಲಿಲ್ಲ. ಬರಬೇಕಿತ್ತೇನೋ, ಬರಲಿಲ್ಲ.

"ನಿಮ್ಮ ಗಂಡ ಸತ್ತು ಎರಡು ವರ್ಷ ಆಯ್ತು. ಈಗಿನ್ನೇನಿದೆ ಮುಚ್ಚಿಡೋಕೆ? ನನ್ನೊಬ್ಬಳಿಗೆ ಹೇಳಿದ್ರೆ ಸಾಲದು. ಇಡೀ ಓಣಿ ಹೊರಗೆ ನಿಂತಿದೆ, ಹೊಸ್ತಿಲ ಮೇಲೆ ನಿಂತು ಹೇಳಿ. ನಮ್ಮಪ್ಪ ಕೊಲೆಗಾರ ಅನ್ನಿಸ್ಕೊಂಡು ಮಣ್ಣಿಗೆ ಹೋಗ್ಬಾರ್ದು, ಅಷ್ಟೇ ನನಗೆ ಬೇಕಾಗಿರೋದು."

ಮುದುಕಿ ತಟ್ಟೆಯನ್ನು ಒಲೆಯ ಪಕ್ಕ ಇಟ್ಟು, ಶಾಲು ಸರಿಮಾಡಿಕೊಂಡಳು.

"ನಡಿ."

ತಿರುಪು ಹಾಕಿದರು. ನಾಲ್ಕು ಜನ ಪೆಟ್ಟಿಗೆಯನ್ನು ಗಾಡಿಗೆ ಏರಿಸಿದರು. ಕೆಜಾಯಾ ಥ್ರಪ್ ಹೊಸ್ತಿಲ ಮೇಲೆ ನಿಂತು, ಓಣಿಗೆಲ್ಲ ಕೇಳುವಂತೆ ಹೇಳಿದಳು. ಒಂದನ್ನೂ ಬಿಡಲಿಲ್ಲ. ಅಂದು ಬೆಳಗ್ಗೆ ನಾಲ್ಕೂಕಾಲಿಗೆ ಈನಕ್ ಬಂದಿದ್ದ, ಗಡಿಯಾರ ನೋಡಿದ್ದೆ, ತಿರುಗಿ ತಟ್ಟಿದ್ದೆ, ಪೊಲೀಸರ ಮುಂದೆ ಸುಳ್ಳು ಹೇಳಿದೆ ಎಂದಳು. ಗಂಡ ಎಲ್ಲಿದ್ದನೆಂಬುದನ್ನೂ ಹೇಳಿದಳು.

ಡಾರ್ಕಸ್ ಒಬ್ಬೊಬ್ಬರ ಮುಖವನ್ನೇ ನೋಡಿದಳು. ಯಾರಾದರೂ ಟೋಪಿ ತೆಗೆದಾರು, ಅಯ್ಯೋ ಅಂದಾರು, ಪಾಪ ಈನಕ್ ಅಂದಾರು ಎಂದು ಕಾದಳು.

ಮೊದಲು ಬಾಯಿ ಬಿಟ್ಟವಳು ಲಿಲ್ ಮಡ್ಜ್. "ಹಗ್ಗದಂಗಡಿಯವಳಾ? ಆ ಕುಂಟೀನಾ?"

"ಥೂ, ಕುಂಟಿಯಲ್ಲ ಕಣೇ, ಅವಳ ತಂಗಿ ಇರ್ಬೇಕು," ಎಂದ ಆಲ್ಫ್. "ಭಲೇ ಬಾರ್ನಬಿ! ಭಾನುವಾರ ಚರ್ಚಿನಲ್ಲಿ ಮುಂದಿನ ಸಾಲಲ್ಲಿ ಕೂರ್ತಿದ್ದನಲ್ಲೋ!"

ಯಾರೋ ಕಿಸಕ್ಕೆಂದು ನಕ್ಕರು. "ಎಷ್ಟು ದಿನದಿಂದ ನಡೀತಿತ್ತು, ಕೆಜಾಯಾ?" "ಮಕ್ಕಳೇನಾದ್ರೂ ಆಗಿದ್ವಾ?" "ನಿನಗೆ ಮೊದ್ಲೇ ಗೊತ್ತಿತ್ತಾ?" ಪ್ರಶ್ನೆಗಳೊಡನೆ ಜನ ಹೊಸ್ತಿಲ ಹತ್ತಿರಕ್ಕೆ ಸರಿದು, ಮುದುಕಿಯ ಸುತ್ತ ಒತ್ತಿಕೊಂಡು ನಿಂತರು. ಗಂಡಸರೂ ಸೇರಿದರು. ಗಾಡಿಯ ಹಿಂದೆ ನಡೆಯಬೇಕೆಂದು ಕಪ್ಪು ಪಟ್ಟಿ ಕಟ್ಟಿಕೊಂಡು ಬಂದಿದ್ದ ಇಬ್ಬರೂ ಅಲ್ಲಿಗೇ ಹೋದರು.

"ಹೊರಡೋಣ್ವಾ, ತಾಯಿ?" ಎಂದ ಗಾಡಿಯವನು.

"ಹೊರಡಿ," ಎಂದಳು ಡಾರ್ಕಸ್.

ಕೆಜಾಯಾ "ಬಿಡ್ರೇ, ನಾನೂ ಹೋಗ್ಬೇಕು, ಬಿಡ್ರೇ" ಎಂದು ಕೊಸರಾಡಿದಳು. ಲಿಲ್ ಅವಳ ಶಾಲಿನ ತುದಿಯನ್ನು ಬಿಡಲಿಲ್ಲ. ಗಾಡಿ ತಿರುವಿಗೆ ಬರುವ ಹೊತ್ತಿಗೆ ಅದರ ಹಿಂದೆ ಮಗಳೊಬ್ಬಳೇ ನಡೆಯುತ್ತಿದ್ದಳು. ಓಣಿಯಲ್ಲಿ ಅತ್ತ ಮುಖ ಮಾಡಿದ್ದವಳು ಹದಿನಾಲ್ಕನೇ ಮನೆಯ ಮುದುಕಿ ಮಾತ್ರ. ಮಿಕ್ಕವರೆಲ್ಲರೂ ಗಾಡಿಗೆ ಬೆನ್ನು ಹಾಕಿ, ಅವಳ ಬಾಯನ್ನೇ ನೋಡುತ್ತಿದ್ದರು.