ಕಣ್ಣು ಮುಚ್ಚಿ, ಬೆರಳು ತೋರ್ಸಿ

ಸಾಸ್ವೆಹಳ್ಳಿಯಲ್ಲಿ ಬಸ್ಸಿಳಿಯುವಾಗ ಮೆಟ್ಟಿಲು ತಪ್ಪಿ ಬಿದ್ದು ಮಮತಾ ಮೇಡಂ ಬಲಗಾಲು ಎರಡು ಕಡೆ ಮುರಿದುಕೊಂಡಳು. ಆರು ವಾರ ಕಾಲು ನೆಲಕ್ಕೆ ಊರುವಂತಿಲ್ಲ ಅಂತ ಡಾಕ್ಟರು ಹೇಳಿದಾಗ ಆಕೆಯ ತಲೆಗೆ ಮೊದಲು ಬಂದದ್ದು ಹತ್ತನೇ ಕ್ಲಾಸಿನ ಮೂವತ್ತೊಂದು ಮಕ್ಕಳು. ಡಿಸೆಂಬರ್ ಅರ್ಧ ಕಳೆದಿತ್ತು, ಮಾರ್ಚಿನಲ್ಲಿ ಪರೀಕ್ಷೆ. ಆ ಹಳ್ಳಿಯ ಹೈಸ್ಕೂಲಿನಲ್ಲಿ ಗಣಿತಕ್ಕೆ ಇದ್ದವಳು ತಾನೊಬ್ಬಳೇ. ಬದಲಿಗೆ ಅಂತ ಜಗಳೂರಿನಿಂದ ಬಂದ ಅತಿಥಿ ಶಿಕ್ಷಕ ಎಂಟೇ ದಿನಕ್ಕೆ ಬೇರೆ ಕೆಲಸ ಸಿಕ್ಕಿತೆಂದು ಹೊರಟುಹೋದ.

ಹಾಗಾಗಿ ಮಮತಾ ಚನ್ನಗಿರಿಯ ಮನೆಯಲ್ಲಿ, ಕಾಲನ್ನು ದಿಂಬಿನ ಮೇಲಿಟ್ಟುಕೊಂಡು, ಫೋನಿನಲ್ಲೇ ಪಾಠ ಶುರು ಮಾಡಿದಳು. ಆ ಕಡೆ ಹೆಡ್ ಮೇಷ್ಟ್ರು ವಿರೂಪಾಕ್ಷಪ್ಪನವರ ಫೋನು. ವಿಡಿಯೊ ಹಾಕಿದರೆ ಸಿಗ್ನಲ್ಲು ನಿಲ್ಲುತ್ತಿರಲಿಲ್ಲ, ಹಾಗಾಗಿ ಬರೀ ದನಿ. ಅದೂ ಹಿಂದಿನ ಬೆಂಚಿಗೆ ಕೇಳುತ್ತಿರಲಿಲ್ಲ. ಬಿಸಿಯೂಟದ ಅಂತರಘಟ್ಟಮ್ಮ ಒಂದು ದಿನ ನೋಡಿ ನೋಡಿ ಬೇಸತ್ತು, ಸಾಂಬಾರಿನ ಖಾಲಿ ಬಕೆಟ್ಟು ತೊಳೆದು ತಂದು ಫೋನನ್ನು ಅದರೊಳಗೆ ನಿಲ್ಲಿಸಿದಳು. ಅಲ್ಲಿಂದ ಮಮತಾಳ ದನಿ ಜಾತ್ರೆ ಮೈಕಿನ ಹಾಗೆ ಮೊಳಗತೊಡಗಿತು.

ಜೂನಿನಲ್ಲೇ ಮುಗಿಸಿದ್ದ ಸಮಾಂತರ ಶ್ರೇಢಿಯನ್ನು ಆಕೆ ಪರೀಕ್ಷೆಗೆಂದು ಮತ್ತೆ ಹಿಡಿದಿದ್ದಳು. ಒಂದೊಂದು ಲೆಕ್ಕ ಮುಗಿದಾಗಲೂ ಕೇಳುತ್ತಿದ್ದಳು: "ಅರ್ಥ ಆಯ್ತಾ?"

"ಆಯ್ತು ಮಿಸ್!" ಅಂತ ಬಕೆಟ್ಟಿನೊಳಗಿಂದ ಇಡೀ ಕ್ಲಾಸು ಕೂಗುತ್ತಿತ್ತು. ಎಲ್ಲರಿಗಿಂತ ಮೇಲೆ ಮಾನಿಟರ್ ದುರುಗೇಶನ ಗಂಟಲು. ಉತ್ತರ ಎಷ್ಟು ಅಂದರೂ ಅವನದೇ ಮೊದಲು, ಉಳಿದವರದು ಅವನ ಹಿಂದೆ. ಕೇಳುತ್ತಾ ಮಮತಾಳಿಗೆ ಕಾಲಿನ ನೋವು ಕೂಡ ಕಮ್ಮಿಯಾದಂತೆ ಅನಿಸುತ್ತಿತ್ತು.

ಜನವರಿ ಮೊದಲ ವಾರ ಹೆಡ್ ಮೇಷ್ಟ್ರು ಒಂದು ಟೆಸ್ಟು ಇಟ್ಟರು. ಗುರುವಾರ ಸಂಜೆ ಫೋನು ಮಾಡಿದರು.

"ಮೇಡಂ, ಬೇಜಾರು ಮಾಡ್ಕೋಬೇಡ್ರಿ. ಹದಿನಾಲ್ಕು ಹುಡುಗ್ರು ಪಾಸಿನ ಹತ್ರಾನೂ ಬಂದಿಲ್ಲ. ದುರುಗೇಶಂಗೇ ಎಂಬತ್ತಕ್ಕೆ ಮೂವತ್ತು. ಫೋನ್ ಪಾಠ ಫೋನಲ್ಲೇ ಉಳೀತು, ತಲೇಗೆ ಹೋಗಿಲ್ಲ."

"ಅದೆಂಗೆ ಸಾರ್? ದಿನಾ ಎಲ್ಲಾ ಹೇಳ್ತಿದ್ರಲ್ಲ?"

"ಹೇಳ್ತಾರೆ, ಹೇಳಾಕೇನು! ನಾನೂ ಹಿಂದಿನ ಬೆಂಚಲ್ಲಿ ಕೂತು ತಲೆ ಆಡಿಸ್ತಿದ್ದೆ. ಈಗ ಒಂದು ಕೆಲ್ಸ ಮಾಡಾಣ. ಶನಿವಾರ ಎರಡು ಪಟ್ಟಿ ಮಾಡ್ತೀನಿ. ಆಗೋರಿಗೆ ನೀವು ಪೂರ್ತಿ ಪಾಠ ಮಾಡ್ರಿ. ಈ ಹದಿನಾಲ್ಕು ಜನಕ್ಕೆ ಪಾಸಿಂಗ್ ಪ್ಯಾಕೇಜ್. ನಾಲ್ಕು ರಚನೆ, ಎರಡು ಪ್ರಮೇಯ, ಒಂದು ನಕ್ಷೆ, ಬಾಯಿಪಾಠ ಹೊಡಿಸಿ ದಡ ಮುಟ್ಟಿಸಾಣ."

"ಮಸರತ್ ಯಾವುದ್ರಲ್ಲಿದಾಳೆ ಸಾರ್?"

ಕಾಗದ ಸರಿದ ಸದ್ದು. "ಬಂದಿರೋದು ಇಪ್ಪತ್ತೊಂದು ನಂಬರು. ಎರಡನೇದ್ರಲ್ಲೇ."

ಮಸರತ್ ನ್ಯಾಮತಿಯಲ್ಲಿ ಮೋಟರ್ ರಿಪೇರಿ ಅಂಗಡಿ ಇಟ್ಟ ಬಡೇಸಾಬನ ಮಗಳು. ಸುಟ್ಟ ಪಂಪಿಗೆ ತಾಮ್ರದ ತಂತಿ ಸುತ್ತುವಾಗ ಅಪ್ಪನಿಗೆ ಸುತ್ತು ಎಣಿಸಿಕೊಡುವವಳು. ಹತ್ತನೇ ಕ್ಲಾಸಾದ ಮೇಲೆ ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಬೇಕು ಅಂತ ಜೂನಿನಲ್ಲೇ ಹೇಳಿದ್ದಳು, ಅದೂ ಕ್ಲಾಸಿನಲ್ಲಿ ಎಲ್ಲರ ಮುಂದೆ ಹೇಳದೆ ಬಸ್ ನಿಲ್ದಾಣದ ತನಕ ಜೊತೆಗೆ ನಡೆದು ಬಂದು ಹೇಳಿದ್ದಳು. ಪ್ಯಾಕೇಜಿನ ಪಟ್ಟಿಗೆ ಬಿದ್ದರೆ ಪಾಸಾಗಬಹುದು, ಡಿಪ್ಲೊಮಾಕ್ಕೆ ಆ ಗಣಿತ ಸಾಲುವುದಿಲ್ಲ. ಅದು ಮಮತಾಳಿಗೂ ಗೊತ್ತು, ಹೆಡ್ ಮೇಷ್ಟ್ರಿಗೂ ಗೊತ್ತು.

"ನಾಳೆ ಒಂದು ದಿನ ಕೊಡಿ ಸಾರ್."

"ಒಂದು ದಿನದಾಗೆ ಏನು ಮಾಡ್ತೀರಿ?"

ಏನು ಮಾಡುತ್ತೀನಿ ಅನ್ನುವುದು ಆಕೆಗೂ ಗೊತ್ತಿರಲಿಲ್ಲ. "ಕೊಡಿ ಸಾರ್" ಅಂತ ಮತ್ತೆ ಅಂದು ಫೋನಿಟ್ಟಳು.

ಒಂದನೇ ಕ್ಲಾಸಿನ ಮಗಳು ಆಟ ಮುಗಿಸಿ ಬಂದಳು. ಎದ್ದು ನೋಡುವಂತಿಲ್ಲದ ಮಮತಾ ಕೂತಲ್ಲಿಂದಲೇ ಕೇಳಿದಳು, "ಕೈ ತೊಳೆದ್ಯಾ?"

"ಹೂಂ."

"ಸೋಪು ಹಾಕಿ?"

"ಹೂಂ."

"ಕಾಲು?"

"ಹೂಂ ಅಮ್ಮಾ!"

"ಎಲ್ಲಿ, ಕೈ ತೋರ್ಸು."

ಮಗಳು ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡು ನಕ್ಕಳು. ಮಮತಾಳಿಗೆ ನಗು ಬರಲಿಲ್ಲ. ಎರಡು ವಾರದಿಂದ ತಾನು ಕೇಳಿದ್ದು ಈ 'ಹೂಂ' ತಾನೆ? ಬರೀ ಎರಡು ವಾರವೇ? ಜೂನಿನಲ್ಲಿ ಕ್ಲಾಸಿನಲ್ಲಿ ನಿಂತು ಕೇಳಿದಾಗಲೂ ಇದೇ ಕೂಗು, ಅದನ್ನೇ ನಂಬಿ ಮುಂದಿನ ಪಾಠಕ್ಕೆ ಹೋಗಿದ್ದಳು. ಆಕೆ ತಕ್ಷಣ ಒಂದು ಹಾಳೆ ಎಳೆದುಕೊಂಡು ಪ್ರಶ್ನೆ ಬರೆಯತೊಡಗಿದಳು. ಸರಿಯುತ್ತರ ಬರೆಯುವುದು ಸುಲಭವಾಯಿತು. ತಪ್ಪು ಉತ್ತರಗಳಿಗೇ ಬಹಳ ಹೊತ್ತು ಹಿಡಿಯಿತು. ಹುಡುಗರು ಎಲ್ಲೆಲ್ಲಿ ಜಾರಬಹುದೋ ಅಲ್ಲಲ್ಲಿಗೆ ಒಂದೊಂದು ಉತ್ತರ ಬೇಕಿತ್ತು.

ಮಾರನೆಯ ದಿನ ಮಧ್ಯಾಹ್ನ ಶಾಲೆಯಲ್ಲಿ ಬಿಸಿಯೂಟದ ಪಾತ್ರೆ ತೊಳೆದಾದ ಮೇಲೆ, ಎರಡು ಗಂಟೆಗೆ, ಆಕೆ ಮೊದಲು ಅಂತರಘಟ್ಟಮ್ಮನನ್ನು ಫೋನಿಗೆ ಕರೆದಳು.

"ಅಕ್ಕಾ, ಇವತ್ತು ನನ್ನ ಕಣ್ಣು ನೀವೇ."

"ಅಯ್ಯ, ನಂಗೇ ಹತ್ರದ್ದು ಕಾಣಂಗಿಲ್ಲ ಮೇಡಮ್ನೋರೆ! ಓದಾಕೂ ಬರಂಗಿಲ್ಲ."

"ಓದೋದು ಬೇಡ. ಬೆರಳು ಎಣಿಸಾಕೆ ಬರುತ್ತಾ?"

"ಮೂವತ್ತು ತಟ್ಟೆ ಎಣಿಸ್ತೀನಿ, ಬೆರಳು ಎಣಿಸಲ್ವಾ?"

ಮಮತಾ ಕ್ಲಾಸಿಗೆ ಹೇಳಿದಳು. "ಇವತ್ತು ಯಾರೂ ಬಾಯಿ ಬಿಡಂಗಿಲ್ಲ. ಎಲ್ಲಾ ಕಣ್ಣು ಮುಚ್ಚಿ. ಮೂರು, ಏಳು, ಹನ್ನೊಂದು, ಹದಿನೈದು, ಹಿಂಗೇ ಹೋಗೋ ಶ್ರೇಢಿ. ಹತ್ತನೇ ಪದ ಎಷ್ಟು? ಮೂವತ್ತೊಂಬತ್ತು ಅನ್ನೋರು ಒಂದು ಬೆರಳು ಎದೆ ಹತ್ರ ಹಿಡೀರಿ. ನಲವತ್ಮೂರು ಅನ್ನೋರು ಎರಡು. ನಲವತ್ತು ಅನ್ನೋರು ಮೂರು. ಗೊತ್ತಿಲ್ಲ ಅನ್ನೋರು ಮುಷ್ಟಿ. ಮುಷ್ಟಿ ಹಿಡಿದೋರಿಗೆ ಬೈಗುಳ ಇಲ್ಲ."

"ಮಿಸ್, ನಲವತ್..." ದುರುಗೇಶ ಶುರು ಮಾಡಿದ.

"ಲೇ ದುರುಗ, ಬಾಯಿ ಮುಚ್ಚು ಅಂದಿಲ್ವಾ? ನಾಳೆ ಹಾಲು ಕೊಡಂಗಿಲ್ಲ ನೋಡು" ಅಂದಳು ಅಂತರಘಟ್ಟಮ್ಮ.

ಆಮೇಲೆ ಸದ್ದಿಲ್ಲ. ಇಷ್ಟು ದಿನದ ಪಾಠದಲ್ಲಿ ಬಕೆಟ್ಟು ಇಷ್ಟು ಹೊತ್ತು ಸುಮ್ಮನಿದ್ದದ್ದು ಇದೇ ಮೊದಲು. ಅಂತರಘಟ್ಟಮ್ಮನ ಚಪ್ಪಲಿ ಬೆಂಚುಗಳ ನಡುವೆ ಸರಪರ ಓಡಾಡಿದ್ದು ಕೇಳಿಸುತ್ತಿತ್ತು. ಮಮತಾ ಪೆನ್ನು ಹಿಡಿದು ಕಾದಳು.

"ಬರ್ಕೊಳ್ರಿ. ಇವತ್ತು ಮೂವತ್ತು ಜನ ಅವ್ರೆ, ಒಬ್ಬ ಬಂದಿಲ್ಲ. ಒಂದು ಬೆರಳಿಂದು ಎಂಟು. ಎರಡು ಬೆರಳಿಂದು ಹದಿನಾರು. ಮೂರರದ್ದು ಮೂರು, ಮುಷ್ಟಿ ಮೂರು." ಒಂದು ಕ್ಷಣ ಬಿಟ್ಟು ಸೇರಿಸಿದಳು, "ಹಿಂದಿನ ಬೆಂಚಲ್ಲಿ ಹೆಡ್ ಮೇಷ್ಟ್ರೂ ಕಣ್ಣು ಮುಚ್ಕೊಂಡು ಕುಂತವ್ರೆ. ಅವ್ರದ್ದೂ ಎರಡೇ."

ಇಡೀ ಕ್ಲಾಸು ಗೊಳ್ಳೆಂದಿತು. ವಿರೂಪಾಕ್ಷಪ್ಪನವರು ಕೆಮ್ಮಿದರು. "ನಂದು ಸಮಾಜ ವಿಜ್ಞಾನ ಕಣವ್ವಾ! ಮೇಡಂ, ಹಂಗಾದ್ರೆ ನಲವತ್ಮೂರು ಅಲ್ವಾ?"

"ಅಲ್ಲ ಸಾರ್. ಆದ್ರೆ ನೀವೂ ಆ ಹದಿನಾರು ಜನಾನೂ ದಡ್ಡರಲ್ಲ. ಒಂದೇ ಜಾಗದಲ್ಲಿ ಜಾರಿದೀರಿ. ಸ್ವಲ್ಪ ತಾಳಿ." ಮಮತಾಳ ದನಿ ಗಟ್ಟಿಯಾಯಿತು. ತಪ್ಪು ಎಲ್ಲಿದೆ ಅನ್ನುವುದು ಈಗ ಆಕೆಯ ಕೈಗೆ ಸಿಕ್ಕಿತ್ತು. "ಅಕ್ಕಾ, ಹತ್ತು ಜನಾನ ಸಾಲಾಗಿ ನಿಲ್ಸಿ. ಪಕ್ಕದೋರ ಕೈ ಹಿಡ್ಕೊಳ್ಲಿ."

ಬೆಂಚು ಎಳೆದ ಸದ್ದು, ತಳ್ಳಾಟ, ಯಾರದೋ ಕಿಸಕ್ ನಗು.

"ಈಗ ಕೈಗೆ ಕೈ ಸೇರಿರೋ ಜಾಗ ಎಣಿಸಿ."

ಅಂತರಘಟ್ಟಮ್ಮ ಒಂದೊಂದೇ ಕೈ ಮುಟ್ಟಿ ಎಣಿಸಿದಳು. "ಏಳು, ಎಂಟು, ಒಂಬತ್ತು. ಅಯ್ಯ, ಒಂಬತ್ತೇ ಐತೆ! ಜನ ಹತ್ತು, ಕೈ ಒಂಬತ್ತು!"

"ಅಷ್ಟೇ. ಮೊದಲನೆಯವನು ಮೂರು. ಒಂದೊಂದು ಕೈ ದಾಟಿದಾಗ ನಾಲ್ಕು ಸೇರುತ್ತೆ. ಹತ್ತನೆಯವನ ತನಕ ಎಷ್ಟು ಸಲ ದಾಟಿದ್ರಿ?"

ಈ ಸಲ ಯಾರೂ ಕೂಗಲಿಲ್ಲ. ಹಿಂದಿನಿಂದ ಯಾರೋ "ಓಹೋ" ಅಂದರು. ಅದು ಹೆಡ್ ಮೇಷ್ಟ್ರೇ ಇರಬೇಕು.

ಮಮತಾ ಎರಡನೇ ಪ್ರಶ್ನೆ ಕೊಟ್ಟಳು. ಐದು, ಎಂಟು, ಹನ್ನೊಂದು, ಇಪ್ಪತ್ತನೇ ಪದ ಎಷ್ಟು? ಸರಿಯುತ್ತರ ಅರವತ್ತೆರಡನ್ನು ಈ ಸಲ ಎರಡು ಬೆರಳಿಗೆ ಇಟ್ಟಿದ್ದಳು. ಮತ್ತೆ ಚಪ್ಪಲಿಯ ಸದ್ದು.

"ಎರಡು ಬೆರಳಿಂದು ಇಪ್ಪತ್ಮೂರು ಮೇಡಮ್ನೋರೆ!"

ಗಂಟೆ ಹೊಡೆದ ಮೇಲೆ ಅಂತರಘಟ್ಟಮ್ಮ ಫೋನು ಹಿಡಿದು ಅಡಿಗೆ ಕೋಣೆಗೆ ಹೋದಳು. ಯಾರು ಯಾವ ಬೆರಳು ಅನ್ನುವುದನ್ನು ಎಲ್ಲರ ಮುಂದೆ ಹೇಳಬೇಡಿ ಅಂತ ಮಮತಾ ಮೊದಲೇ ಹೇಳಿದ್ದಳು. ಸಾಂಬಾರಿನಲ್ಲಿ ಯಾರು ಬದನೆಕಾಯಿ ಆರಿಸಿ ತಟ್ಟೆಯಂಚಿಗೆ ಇಡುತ್ತಾರೆ ಅನ್ನುವುದೂ ನೆನಪಿರುವ ಹೆಂಗಸಿಗೆ ಮೂವತ್ತು ಹೆಸರು ಎಷ್ಟರದು? ಪಟಪಟನೆ ಹೇಳುತ್ತಾ ಹೋದಳು. ದುರುಗೇಶ ಮೊದಲ ಸಲ ಎರಡು, ಆಮೇಲೆ ಸರಿ.

"ಮಸರತ್?"

"ಅದೇ ಹೇಳಾಣ ಅಂತಿದ್ದೆ. ಮೊದಲ್ನೇ ಸಲ ಆ ಹುಡುಗಿ ಒಂದು ಬೆರಳು ಹಿಡಿದಿತ್ತು, ದುಪ್ಪಟ್ಟಾ ಒಳಗೆ. ನಾನು ಪಕ್ಕದ ಬೆಂಚಿಗೆ ಹೋಗಿ ತಿರುಗಿ ನೋಡ್ತೀನಿ, ಕಣ್ಣು ಸಣ್ಣಗೆ ಬಿಟ್ಟು ಮುಂದಕ್ಕೆ ಬಗ್ಗಿ ದುರುಗನ ಕೈ ನೋಡ್ತೈತೆ! ನೋಡಿ ತನ್ದೂ ಎರಡು ಮಾಡ್ಕೊಂತು. ನಾನು ಮೊದಲಿಂದೇ ಎಣಿಸಿದೆ. ತಪ್ಪಾತಾ?"

"ತಪ್ಪಾಗಿಲ್ಲ ಅಕ್ಕಾ. ಹೆಡ್ ಮೇಷ್ಟ್ರಿಗೆ ಫೋನ್ ಕೊಡಿ."

ವಿರೂಪಾಕ್ಷಪ್ಪನವರು ಬಂದರು. ಮಸರತ್‌ಳ ಟೆಸ್ಟ್ ಪೇಪರು ತೆಗೆದು ನೋಡಿ ಅಂದಳು ಮಮತಾ. ಪೇಪರು ಬಿಚ್ಚಿ, ಕನ್ನಡಕ ಹುಡುಕಿ, ಅವರು ಉತ್ತರದ ಹಾಳೆಯ ಜೊತೆ ಸಾಲು ಸಾಲಾಗಿ ಹೋಲಿಸಿದರು.

"ಮೇಡಂ, ಮೂರು ಕಡೆ ಸರಿ ಬರೆದು ಹೊಡೆದು ಹಾಕೈತೆ. ಪಕ್ಕದಲ್ಲಿ ತಪ್ಪು ಬರೆದೈತೆ."

"ಆ ಮೂರು ಲೆಕ್ಕದ ನಂಬರು ಸೇರಿದ್ರೆ?"

"ಪಾಸು ದಾಟುತ್ತೆ. ಆದ್ರೂ..." ಅವರು ಸುಲಭಕ್ಕೆ ಬಿಡುವವರಲ್ಲ. "ಹೊಡೆದು ಹಾಕಿದ್ದಕ್ಕೆ ಪರೀಕ್ಷೇಲಿ ಯಾರೂ ನಂಬರು ಕೊಡಾಕಿಲ್ಲ. ನನ್ನ ಮುಂದೆ ಒಂದು ಲೆಕ್ಕ ಮಾಡ್ಲಿ, ಒಬ್ಬಳೇ. ಆಮೇಲೆ ಪಟ್ಟಿ ಮಾತು."

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಮಸರತ್‌ಳನ್ನು ನಿಲ್ಲಿಸಿಕೊಂಡರು. ಖಾಲಿ ಕ್ಲಾಸು, ಬೋರ್ಡು, ಹೆಡ್ ಮೇಷ್ಟ್ರು, ಬಕೆಟ್ಟಿನೊಳಗೆ ಫೋನು. ಬಾಗಿಲಲ್ಲಿ ಅಂತರಘಟ್ಟಮ್ಮ, ಹೋಗು ಅಂದರೂ ಹೋಗದೆ.

"ಮಸರತ್," ಅಂದಳು ಮಮತಾ, "ನಿನ್ನೆ ಬೆರಳು ಯಾಕೆ ಬದಲಾಯಿಸಿದೆ?"

ಉತ್ತರ ಮೆಲ್ಲಗೆ ಬಂತು. "ದುರುಗೇಶಂದು ಎರಡಿತ್ತು ಮಿಸ್. ಅವ್ನು ಮಾನಿಟರ್. ನಂದೇ ತಪ್ಪಿರುತ್ತೆ ಅಂದ್ಕೊಂಡೆ."

"ಟೆಸ್ಟಲ್ಲಿ?"

"ಟೆಸ್ಟಲ್ಲೂ ಅವ್ನು ಮುಂದಿನ ಬೆಂಚು ಮಿಸ್."

ಬಾಗಿಲಲ್ಲಿ ಅಂತರಘಟ್ಟಮ್ಮ ಹಣೆ ಚಚ್ಚಿಕೊಂಡ ಸದ್ದು ಫೋನಿನ ತನಕ ಬಂತು.

"ಸರಿ. ಈಗ ಮುಂದಿನ ಬೆಂಚಲ್ಲಿ ಯಾರೂ ಇಲ್ಲ. ಬರ್ಕೋ. ನಾಲ್ಕು, ಒಂಬತ್ತು, ಹದಿನಾಲ್ಕು, ಹಿಂಗೇ ಹೋಗುತ್ತೆ. ಈ ಶ್ರೇಢೀಲಿ ತೊಂಬತ್ತೊಂಬತ್ತು ಎಷ್ಟನೇ ಪದ?"

ಇದು ತಿರುಗಿಸಿ ಕೇಳಿದ ಲೆಕ್ಕ. ಸೂತ್ರ ಬಾಯಿಪಾಠ ಮಾಡಿದವರು ಇಲ್ಲಿ ಎಡವುತ್ತಾರೆ, ಬೇಕೆಂದೇ ಕೊಟ್ಟಿದ್ದಳು. ಸುಣ್ಣದ ಕಡ್ಡಿ ಬೋರ್ಡಿನ ಮೇಲೆ ಟಕಟಕ ಅಂದಿತು. ನಿಂತಿತು. ಒರೆಸಿದ ಸದ್ದು. ಮಮತಾ ಚನ್ನಗಿರಿಯಲ್ಲಿ ಫೋನಿಗೆ ಕಿವಿಯೊತ್ತಿ ಕೂತಿದ್ದಳು. ಒಂದು ಮಾತು ಹೇಳಿಕೊಟ್ಟುಬಿಡೋಣ ಅಂತ ಬಾಯಿ ತನಕ ಬಂತು. ಹಲ್ಲು ಕಚ್ಚಿ ಸುಮ್ಮನಿದ್ದಳು. ಮತ್ತೆ ಟಕಟಕ.

"ಇಪ್ಪತ್ತು" ಅಂದಳು ಮಸರತ್. ದನಿ ಬಕೆಟ್ಟು ಮುಟ್ಟುವಷ್ಟೂ ಇರಲಿಲ್ಲ.

"ಇಪ್ಪತ್ತಾ?" ವಿರೂಪಾಕ್ಷಪ್ಪನವರು ಬೋರ್ಡಿನ ಹತ್ತಿರ ಬಂದರು. ಬೆರಳು ಮಡಿಚಿ ತಾವೂ ಎಣಿಸಿದರು. "ತೊಂಬತ್ತೊಂಬತ್ತರಲ್ಲಿ ನಾಲ್ಕು ಕಳೆದ್ರೆ ತೊಂಬತ್ತೈದು. ಐದರಿಂದ ಭಾಗಿಸಿದ್ರೆ ಹತ್ತೊಂಬತ್ತು. ಹತ್ತೊಂಬತ್ತನೇದು ಅಲ್ವೇನಮ್ಮಾ?"

ಅವರು ಪರೀಕ್ಷೆ ಮಾಡುತ್ತಿದ್ದಾರೋ ನಿಜವಾಗಿ ಹಾಗೇ ತಿಳಿದಿದ್ದಾರೋ ಮಮತಾಳಿಗೂ ಗೊತ್ತಾಗಲಿಲ್ಲ. ಆ ಹುಡುಗಿಗಂತೂ ಇವರು ಮಾನಿಟರ್ ಅಲ್ಲ, ಹೆಡ್ ಮೇಷ್ಟ್ರು. ಡಸ್ಟರು ಕೈಗೆತ್ತಿಕೊಂಡ ಸದ್ದಾಯಿತು. ಹೊಡೆದು ಹಾಕುತ್ತಾಳೆ, ಮತ್ತೆ ಹೊಡೆದು ಹಾಕುತ್ತಾಳೆ ಅಂತ ಮಮತಾ ಕಣ್ಣು ಮುಚ್ಚಿದಳು.

"ಇಲ್ಲ ಸಾರ್." ಈ ಸಲದ ಮಾತು ಬಕೆಟ್ಟಿನ ತಳಕ್ಕೆ ತಾಗಿ ಬಂತು. "ಹತ್ತೊಂಬತ್ತು ಕೈ ಸಾರ್. ಜನ ಇಪ್ಪತ್ತು."

ಡಸ್ಟರು ಬೋರ್ಡಿನ ಕಟ್ಟೆಯ ಮೇಲೆ ಕೂತಿತು. ವಿರೂಪಾಕ್ಷಪ್ಪನವರು ಜೇಬಿನಿಂದ ಪೆನ್ನು ತೆಗೆದರು ಅಂತ ಬಾಗಿಲಿಂದಲೇ ಅಂತರಘಟ್ಟಮ್ಮ ವರದಿ ಒಪ್ಪಿಸಿದಳು. "ಹೊಡೆದ್ರು ಮೇಡಮ್ನೋರೆ, ಪಟ್ಟೀಲಿ ಹೆಸರು ಹೊಡೆದ್ರು!"

"ಸುಮ್ನಿರವ್ವಾ ನೀನು" ಅಂದರು ಅವರು. ಆಮೇಲೆ ಫೋನಿಗೆ ಬಗ್ಗಿ, "ಮೇಡಂ, ಇನ್ನೂ ಹದಿಮೂರು ಹೆಸರು ಉಳಿದಾವು. ಅವಕ್ಕೇನು ಮಾಡ್ತೀರಿ?"

ಮಮತಾ ತೊಡೆಯ ಮೇಲಿದ್ದ ಹಾಳೆ ತಿರುಗಿಸಿದಳು. ಸೋಮವಾರದ ಪ್ರಶ್ನೆಗೆ ಎರಡು ತಪ್ಪು ಉತ್ತರ ಆಗಲೇ ಬರೆದಿದ್ದಳು. ಇನ್ನೊಂದು ಬೇಕಿತ್ತು.

"ಒಬ್ಬೊಬ್ಬರು ಎಲ್ಲಿ ಜಾರಿದಾರೆ ಅಂತ ನನಗೆ ಗೊತ್ತಾಗೋ ತನಕ ಆ ಪಟ್ಟಿ ಗೋಡೆಗೆ ಅಂಟಿಸಬೇಡಿ ಸಾರ್. ಸೋಮವಾರ ಎರಡು ಗಂಟೆಗೆ ಫೋನು ಪೂರ್ತಿ ಚಾರ್ಜ್ ಮಾಡಿಟ್ಟಿರಿ. ನೀವೂ ಬಂದು ಕೂತ್ಕೊಳ್ಳಿ."